ಬೆಂಗಳೂರು–ಹುಬ್ಬಳ್ಳಿ ಸಂಜೆ ವಿಮಾನ: ನಾಲ್ಕು ಸ್ಟಾರ್

ಗೋಕುಲ ರೋಡ್ ಕಡೆ ಮಳಿ ಜೋರಿತ್ತು. ಇನ್ನೇನು ಗಾಲಿ ನೆಲಕ್ಕ ತಾಗಬೇಕು ಅನ್ನೂದ್ರಾಗ ಎಂಜಿನ್ ಒಮ್ಮೆಲೆ ಗುಡುಗಿ ವಿಮಾನ ಮತ್ತ ಮ್ಯಾಲೆ ಹೋತು. "ಇವಂಗ ಇಳಸಾಕ ಬರೂದಿಲ್ಲೇನ್ರಿ?" ಅಂದ್ರು ಪಕ್ಕದ ಸೀಟಿನ ಕಾಕಾ. ನಾ ಮಾತ್ರ ಪೈಲಟ್‌ಗೆ ಪೂರ್ತಿ ಅಂಕ ಕೊಡ್ತೀನಿ.

2010ರ ಮೇ 22ಕ್ಕ ಮಂಗಳೂರಿನಾಗ ಆಗಿದ್ದು ಇದರ ಉಲ್ಟಾ. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಾಗ ಬರ್ತಿತ್ತು. ಇಳಿಸೂದು ಬ್ಯಾಡ, ಸುತ್ತು ಹಾಕೂಣು ಅಂತ ಸಹಪೈಲಟ್ ಹೇಳಿದ್ರೂ ಕ್ಯಾಪ್ಟನ್ ಇಳಿಸೇಬಿಟ್ರು. ದಾರ್ಯಾಗ ಅವರು ನಿದ್ದಿ ಮಾಡಿದ್ದೂ ತನಿಖೆಯೊಳಗ ಬಂತು. ಗುಡ್ಡದ ಮ್ಯಾಲಿನ ರನ್‌ವೇ, ಆಚೆ ಕಂದರ. 158 ಜನ ಸತ್ರು. ನಮ್ಮ ಹುಬ್ಬಳ್ಳಿಯೊಳಗೂ 2015ರ ಮಾರ್ಚ್‌ನಾಗ ಒಂದು ವಿಮಾನ ರನ್‌ವೇ ಬಿಟ್ಟು ಜಾರಿತ್ತು, ಪುಣ್ಯಕ್ಕ ಎಲ್ಲಾರೂ ಉಳಿದ್ರು.

ನಮ್ಮ ಪೈಲಟ್ ಎರಡನೇ ಸಲ ಮೆತ್ತಗ ಇಳಿಸಿದ್ರು.

ಒಂದು ಸ್ಟಾರ್ ಕಡಿತ ಯಾಕಂದ್ರ, ಸುರಕ್ಷತೆ ಸೂಚನೆ ಕನ್ನಡದಾಗ ಇರಲಿಲ್ಲ. ಮುಂದಿನ ಸಾಲಿನ ಆಯಿ ಬೆಲ್ಟ್ ಬಿಚ್ಚಾಕ ಕಾರಿನ್ಯಾಗಿನಂಗ ಗುಂಡಿ ಹುಡುಕಿ ಒತ್ತಾಕತ್ತಿದ್ರು. ಇಲ್ಲಿ ಬಕಲ್ ಮ್ಯಾಲಿನ ಮುಚ್ಚಳ ಎತ್ತಬೇಕು. ಹೊಗಿ ತುಂಬಿದಾಗ ಇದನ್ನ ಕಲಿಸೋರು ಯಾರು?

ಚಹಾ ಮಾತ್ರ ತಗೋಬ್ಯಾಡ್ರಿ, ಬರೇ ಬಿಸಿನೀರು.