ಕ್ಲಿಯೋಪಾತ್ರ ಬ್ಲೂ-ರೇ: ಡಾಕ್ಯುಮೆಂಟರಿ ಮೊದಲು, ಸಿನಿಮಾ ಆಮೇಲೆ

1963ರ 'ಕ್ಲಿಯೋಪಾತ್ರ' ಸಿನಿಮಾದ ಬ್ಲೂ-ರೇ ಕೊಂಡು ಮೂರು ವಾರ ಆಯ್ತು. ಎರಡು ಡಿಸ್ಕ್ ಇರುವ ಸೆಟ್. ಸಿನಿಮಾ ಪೂರ್ತಿ ನೋಡಿದ್ದು ಒಂದೇ ಸಲ, ಅದೂ ಎರಡು ರಾತ್ರಿ ಸೇರಿ. ಜೊತೆಗೆ ಕೊಟ್ಟಿರುವ ಡಾಕ್ಯುಮೆಂಟರಿಯನ್ನು ಮಾತ್ರ ಮೂರು ಸಲ ನೋಡಿದ್ದೇನೆ. ಅವಸರದಲ್ಲಿ ಇರುವವರಿಗೆ ನನ್ನ ವಿಮರ್ಶೆ ಇಷ್ಟೇ.

ಡಾಕ್ಯುಮೆಂಟರಿ 2001ರದ್ದು, ಸುಮಾರು ಎರಡು ಗಂಟೆ ಇದೆ. ಇಂಥ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ಏನಿರುತ್ತೆ ಹೇಳಿ? ಎಲ್ಲರೂ ಎಲ್ಲರನ್ನೂ ಹೊಗಳುತ್ತಾರೆ, ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತೆ. ಇಲ್ಲಿ ಹಾಗಲ್ಲ. ಒಂದು ಸಿನಿಮಾ ಹೇಗೆ ಹಳ್ಳ ಹಿಡಿಯಿತು ಅನ್ನುವುದನ್ನು ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ.

ಶುರುವಾಗಿದ್ದು 1960ರ ಸೆಪ್ಟೆಂಬರಿನಲ್ಲಿ, ಲಂಡನ್ ಹತ್ತಿರದ ಪೈನ್‌ವುಡ್ ಸ್ಟುಡಿಯೋದಲ್ಲಿ. ಬಿಸಿಲು ಬೇಕಾದ ಕಥೆಯನ್ನು ಮಳೆ, ಮಂಜು, ಚಳಿ ಇರುವ ಊರಿಗೆ ತೆಗೆದುಕೊಂಡು ಹೋದ ಪುಣ್ಯಾತ್ಮರು ಯಾರೋ! ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರ ಅಂತ ಕಟ್ಟಿದ ಸೆಟ್ಟಿನಲ್ಲಿ ನಟರು ಬಾಯಿ ತೆಗೆದರೆ ಹಬೆ ಕಾಣುತ್ತಿತ್ತಂತೆ. ಅಷ್ಟರಲ್ಲಿ ಕ್ಲಿಯೋಪಾತ್ರ ಪಾತ್ರದ ಎಲಿಜಬೆತ್ ಟೇಲರ್‌ಗೆ ಜೋರು ನ್ಯುಮೋನಿಯಾ. 1961ರ ಮಾರ್ಚಿನಲ್ಲಿ ಉಸಿರಾಡುವುದಕ್ಕಾಗಿ ಆಕೆಯ ಗಂಟಲಿಗೇ ತೂತು ಮಾಡಬೇಕಾಯಿತು. ರೋಮ್‌ನ ನಾಯಕ ಸೀಸರ್ ಪಾತ್ರಕ್ಕಿದ್ದ ಪೀಟರ್ ಫಿಂಚ್, ಆತನ ಸೇನಾನಿ ಆಂಟನಿ ಪಾತ್ರಕ್ಕಿದ್ದ ಸ್ಟೀಫನ್ ಬಾಯ್ಡ್ ಇಬ್ಬರೂ ಹೋದರು, ನಿರ್ದೇಶಕ ಮಮೂಲಿಯನ್ ಕೂಡ ಬಿಟ್ಟುಹೋದರು. ಸುಮಾರು 70 ಲಕ್ಷ ಡಾಲರ್ ಖಾಲಿ, ಕೈಯಲ್ಲಿದ್ದದ್ದು ಹತ್ತು ನಿಮಿಷದಷ್ಟು ಫಿಲಂ. ಅದನ್ನೂ ಕೊನೆಗೆ ಬಳಸಲಿಲ್ಲ. ಆ ಲಂಡನ್ ತುಣುಕುಗಳು ಡಾಕ್ಯುಮೆಂಟರಿಯಲ್ಲಿವೆ, ನೋಡಿದರೆ ನಗು ಬರುತ್ತೆ, ಪಾಪ ಅಂತಲೂ ಅನಿಸುತ್ತೆ.

ಆಮೇಲೆ ಎಲ್ಲವನ್ನೂ ರೋಮ್‌ನ ಚಿನೆಚಿತ್ತಾ ಸ್ಟುಡಿಯೋದಲ್ಲಿ ಮೊದಲಿಂದ ಕಟ್ಟಿದರು. ಹೊಸ ನಿರ್ದೇಶಕ ಜೋಸೆಫ್ ಮ್ಯಾಂಕೀವಿಚ್, ಹೊಸ ಸೀಸರ್ ರೆಕ್ಸ್ ಹ್ಯಾರಿಸನ್, ಹೊಸ ಆಂಟನಿ ರಿಚರ್ಡ್ ಬರ್ಟನ್. ಸ್ಕ್ರಿಪ್ಟ್ ಮಾತ್ರ ಮುಗಿದಿರಲಿಲ್ಲ. ನಿರ್ದೇಶಕ ಹಗಲು ಶೂಟಿಂಗ್ ಮಾಡಿ, ರಾತ್ರಿ ಕೂತು ಮುಂದಿನ ದೃಶ್ಯ ಬರೆಯುತ್ತಿದ್ದರು. ಹಾಗಾಗಿ ಕಥೆ ನಡೆಯುವ ಕ್ರಮದಲ್ಲೇ ಶೂಟಿಂಗ್ ಮಾಡಬೇಕಾಯಿತು, ಕಥೆಯಲ್ಲಿ ಆಮೇಲೆ ಬರುವ ನಟರು ಸಂಬಳ ತೆಗೆದುಕೊಂಡು ತಿಂಗಳುಗಟ್ಟಲೆ ಸುಮ್ನೆ ಕೂತಿದ್ದರು. ನಮ್ಮಲ್ಲಿ ಹುಚ್ಚುಮುಂಡೆ ಮದುವೇಲಿ ಉಂಡೋನೇ ಜಾಣ ಅಂತಾರಲ್ಲ, ಅದನ್ನು ಈ ಸೆಟ್ ನೋಡಿಯೇ ಹೇಳಿರಬೇಕು. ಮೊದಲು ಅಂದುಕೊಂಡಿದ್ದ ಬಜೆಟ್ 20 ಲಕ್ಷ ಡಾಲರ್, ಕೊನೆಗೆ ಬಂದ ಲೆಕ್ಕ ಸುಮಾರು 4 ಕೋಟಿ 40 ಲಕ್ಷ. ಟೇಲರ್ ಒಬ್ಬರಿಗೇ 65 ಉಡುಪು.

ಟೇಲರ್-ಬರ್ಟನ್ ಪ್ರೇಮ ಪ್ರಕರಣದ ಬಗ್ಗೆ ಡಾಕ್ಯುಮೆಂಟರಿ ಸ್ವಲ್ಪ ಜಾಸ್ತಿಯೇ ಎಳೆಯುತ್ತೆ, ನನಗೆ ಬೇಜಾರಾಗಿದ್ದು ಅಲ್ಲೊಂದೇ. ಆದರೆ ಅದರಲ್ಲೂ ಒಂದು ಒಳ್ಳೆಯ ಪ್ರಸಂಗ ಇದೆ. ಕ್ಲಿಯೋಪಾತ್ರ ರೋಮ್‌ಗೆ ಮೆರವಣಿಗೆಯಲ್ಲಿ ಬರುವ ದೃಶ್ಯ ಅಂದರೆ ಸಾವಿರಾರು ಜನ ಎಕ್ಸ್‌ಟ್ರಾಗಳು. ವ್ಯಾಟಿಕನ್ನಿನ ವಾರಪತ್ರಿಕೆ ಆಗತಾನೆ ಟೇಲರ್ ನಡತೆಯನ್ನು ಖಂಡಿಸಿತ್ತು. ಈ ಜನ ಎಲ್ಲಿ ಬೈಯುತ್ತಾರೋ ಅಂತ ಆಕೆಗೆ ಭಯ. ಕ್ಯಾಮೆರಾ ಓಡಿದಾಗ ಜನ ಕೂಗಿದ್ದು ಕ್ಲಿಯೋಪಾತ್ರ ಅಂತ ಅಲ್ಲ, ಎಲಿಜಬೆತ್ ಹೆಸರನ್ನೇ ಚಿಕ್ಕದು ಮಾಡಿ "ಲಿಜ್! ಲಿಜ್!" ಅಂತ, ಅದೂ ಪ್ರೀತಿಯಿಂದ. ಇದನ್ನು ತಿಳಿದುಕೊಂಡು ಸಿನಿಮಾದಲ್ಲಿ ಆ ದೃಶ್ಯ ನೋಡಿ. ಎಳೆದು ತರುವ ಆ ದೊಡ್ಡ ಸ್ಫಿಂಕ್ಸ್ ಮೇಲಿಂದ ಇಳಿದು, ಸೀಸರ್ ಕಡೆ ತಿರುಗಿ ಆಕೆ ಕಣ್ಣು ಹೊಡೆಯುತ್ತಾಳಲ್ಲ, ಅಲ್ಲಿ ನಾನು ರಿಮೋಟ್ ತೆಗೆದುಕೊಂಡು ಹಿಂದಕ್ಕೆ ಹೋಗಿಬಿಟ್ಟೆ. ಮೆರವಣಿಗೆ ದಾಟಿ ಬರುವ ಕಮಾನು ಕಾನ್‌ಸ್ಟಂಟೈನ್ ಕಮಾನಿನ ಹಾಗೇ ಇದೆ, ಸೀಸರ್ ಸತ್ತು ಮುನ್ನೂರೈವತ್ತು ವರ್ಷದ ಮೇಲೆ ಕಟ್ಟಿದ್ದು ಅದು. ಇರಲಿ ಬಿಡಿ, ಚೆನ್ನಾಗಿ ಕಾಣುತ್ತೆ.

ಚಿತ್ರದ ಗುಣಮಟ್ಟಕ್ಕೆ ಪೂರ್ತಿ ಅಂಕ. ಟಾಡ್-ಎಒ ಅಂತ ಅಗಲವಾದ ಫಿಲಂನಲ್ಲಿ ತೆಗೆದದ್ದು, ಅದರ ಬೆಲೆ ದೊಡ್ಡ ಟಿವಿಯಲ್ಲಿ ಗೊತ್ತಾಗುತ್ತೆ. ಬಟ್ಟೆಯ ಕಸೂತಿ ಎಳೆ ಎಳೆಯಾಗಿ ಕಾಣುತ್ತೆ. ಎಲ್ಲವೂ ನಿಜವಾಗಿ ಕಟ್ಟಿದ್ದು, ಕಂಪ್ಯೂಟರ್ ಇಲ್ಲ. ಕಲಾ ನಿರ್ದೇಶನ, ಉಡುಪು, ಛಾಯಾಗ್ರಹಣ, ವಿಶೇಷ ಪರಿಣಾಮ, ನಾಲ್ಕಕ್ಕೂ ಆಸ್ಕರ್ ಬಂದಿದ್ದು ಸುಮ್ನೆ ಅಲ್ಲ.

ಸಿನಿಮಾ? ಮೊದಲರ್ಧ ನನಗೆ ಇಷ್ಟ. ಹ್ಯಾರಿಸನ್ ಇರುವಷ್ಟು ಹೊತ್ತು ಮಾತಿಗೆ ಮಾತು ಚುರುಕಾಗಿದೆ. ಎರಡನೇ ಅರ್ಧ ತಡವರಿಸುತ್ತೆ, ಆಂಟನಿ ಇದ್ದಕ್ಕಿದ್ದ ಹಾಗೆ ಕುಸಿದುಹೋದಂತೆ ಅನಿಸುತ್ತೆ. ಯಾಕೆ ಅಂತ ಡಾಕ್ಯುಮೆಂಟರಿಯಲ್ಲಿ ಉತ್ತರ ಇದೆ. ಮ್ಯಾಂಕೀವಿಚ್‌ಗೆ ಬೇಕಾಗಿದ್ದು ಮೂರು ಮೂರು ಗಂಟೆಯ ಎರಡು ಸಿನಿಮಾ, ಒಂದು ಸೀಸರನದ್ದು, ಒಂದು ಆಂಟನಿಯದ್ದು. ಆದರೆ ಪೇಪರ್ ತುಂಬ ಬರ್ಟನ್ ಸುದ್ದಿ ಇರುವಾಗ ಆತ ಹೆಚ್ಚು ಕಾಣದ ಮೊದಲ ಭಾಗಕ್ಕೆ ಯಾರು ಬರುತ್ತಾರೆ ಅಂತ ದುಡ್ಡು ಹಾಕಿದ ಸ್ಟುಡಿಯೋಗೆ ಚಿಂತೆ. ಎತ್ತು ಏರಿಗೆ, ಕೋಣ ನೀರಿಗೆ. ಒಂದೇ ಸಿನಿಮಾ ಮಾಡಿ ನಾಲ್ಕು ಗಂಟೆಗೆ ಇಳಿಸಿದರು, ಆಮೇಲೆ ಥಿಯೇಟರುಗಳಿಗಾಗಿ ಮತ್ತೂ ಕತ್ತರಿಸಿದರು. ಡಿಸ್ಕ್‌ನಲ್ಲಿರುವುದು ನಾಲ್ಕು ಗಂಟೆಯದ್ದು. ಕತ್ತರಿಸಿದ ಉಳಿದ ಭಾಗ ಪೂರ್ತಿಯಾಗಿ ಸಿಕ್ಕಿಲ್ಲ.

ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಗಳಿಸಿದ ಸಿನಿಮಾ ಇದೇ, ಆದರೂ ಹಾಕಿದ ದುಡ್ಡು ಬಿಡುಗಡೆಯಾದಾಗ ಹುಟ್ಟಲಿಲ್ಲ. ಇನ್ನೊಂದು ಹೊಟ್ಟೆ ಉರಿಸುವ ವಿಷಯ: ಆಂಟನಿಯ ಎದುರಾಳಿ ಆಕ್ಟೇವಿಯನ್ ಆಗಿ ಅದ್ಭುತವಾಗಿ ಮಾಡಿದ ರಾಡಿ ಮ್ಯಾಕ್‌ಡೊವಾಲ್ ಹೆಸರನ್ನು ಸ್ಟುಡಿಯೋ ಪೋಷಕ ನಟರ ಪಟ್ಟಿಯ ಬದಲು ನಾಯಕ ನಟರ ಪಟ್ಟಿಯಲ್ಲಿ ಕಳಿಸಿ, ಆಸ್ಕರ್ ನಾಮನಿರ್ದೇಶನವೇ ತಪ್ಪಿಹೋಯಿತು.

ದೂರು ಹೇಳಬೇಕು ಅಂದರೆ, ನನಗೆ ಬಂದ ಡಬ್ಬಿ ಒಂದು ಮೂಲೆಯಲ್ಲಿ ಒಡೆದಿತ್ತು. ಡಿಸ್ಕ್‌ಗೆ ಏನೂ ಆಗಿರಲಿಲ್ಲ, ವಾಪಸ್ ಕಳಿಸುವ ಗೋಜಿಗೆ ಹೋಗಲಿಲ್ಲ. ಸಿನಿಮಾ ಮಧ್ಯಂತರದಲ್ಲಿ ಡಿಸ್ಕ್ ಬದಲಾಯಿಸಬೇಕು, ಡಾಕ್ಯುಮೆಂಟರಿ ಎರಡನೆಯದರಲ್ಲಿದೆ. ಗೆಳೆಯನೊಬ್ಬ ಸೆಟ್ ಕೇಳಿದ, ಎರಡನೆಯದನ್ನು ಬಿಟ್ಟುಕೊಡಲು ಮನಸ್ಸಾಗದೆ ಮೊದಲನೆಯದನ್ನು ಮಾತ್ರ ಕೊಟ್ಟೆ. ಸೀಸರ್ ಸತ್ತಮೇಲೆ ಮುಂದೇನು ಅಂತ ಮೊನ್ನೆಯಿಂದ ಮೆಸೇಜ್ ಮಾಡುತ್ತಲೇ ಇದ್ದಾನೆ.