ನಸುಕಿನಲ್ಲೇ ಎಬ್ಬಿಸುವ ಬೆಕ್ಕಿಗೆ ಟೈಮರ್ ಫೀಡರ್: ಯಾವುದನ್ನು ಕೊಳ್ಳಬೇಕು, ಹೇಗೆ ಹೊಂದಿಸಬೇಕು

ಬೆಳಗಿನ ಜಾವ ನಾಲ್ಕೂವರೆ. ಮೊದಲು ಹೊದಿಕೆಯ ಮೇಲೆ ನಡಿಗೆ, ಆಮೇಲೆ ಕೆನ್ನೆಗೆ ಪಂಜದ ತಟ್ಟು, ಅದಕ್ಕೂ ಏಳದಿದ್ದರೆ ಕಿವಿಯ ಹತ್ತಿರವೇ ಮಿಯಾಂವ್. ಎದ್ದು ಹೋಗಿ ತಟ್ಟೆಗೆ ಬೆಕ್ಕಿನ ಒಣ ಆಹಾರದ ಒಂದು ಹಿಡಿ ಕಾಳು ಸುರಿದರೆ ಮನೆ ಮತ್ತೆ ಸುಮ್ಮನಾಗುತ್ತದೆ. ತೊಂದರೆಯ ಬೇರು ಇರುವುದೂ ಆ ಒಂದು ಹಿಡಿಯಲ್ಲೇ. ಕೂಗಿದರೆ ಮನುಷ್ಯ ಏಳುತ್ತಾನೆ, ಎದ್ದರೆ ಊಟ ಬರುತ್ತದೆ ಎಂಬ ಲೆಕ್ಕವನ್ನು ಬೆಕ್ಕು ಎರಡು ಮೂರು ದಿನದಲ್ಲೇ ಕಲಿತುಬಿಡುತ್ತದೆ. ಟೈಮರ್ ಫೀಡರಿಗೆ, ಅಂದರೆ ಹೊಂದಿಸಿದ ಹೊತ್ತಿಗೆ ತಾನಾಗಿ ಊಟ ಬಡಿಸುವ ಯಂತ್ರಕ್ಕೆ, ದುಡ್ಡು ಹಾಕಬಹುದು ಎನ್ನುವುದಕ್ಕೆ ಕಾರಣ ಒಂದೇ: ಊಟ ಕೊಡುವ ಕೆಲಸ ನಿಮ್ಮ ಕೈಯಿಂದ ಗಡಿಯಾರದ ಕೈಗೆ ಹೋಗುತ್ತದೆ. ಆ್ಯಪ್, ಕ್ಯಾಮೆರಾ, ಬಣ್ಣದ ದೀಪಗಳೆಲ್ಲ ಮೇಲಿನ ಅಲಂಕಾರ.

ಬೆಕ್ಕು ನಸುಕಿನಲ್ಲೂ ಮುಸ್ಸಂಜೆಯಲ್ಲೂ ಚುರುಕಾಗುವ ಪ್ರಾಣಿ. ಬೇಟೆಯ ಹೊತ್ತು ಅದು. ಬೆಂಗಳೂರಿನಲ್ಲಿ ಜನವರಿ ಕೊನೆಗೆ ಸೂರ್ಯ ಹುಟ್ಟುವುದು 6:45ರ ಸುಮಾರಿಗೆ, ಜೂನ್ ಮೊದಲ ವಾರದಲ್ಲಿ 5:55ರೊಳಗೆ. ಬೆಳಕು ಅದಕ್ಕೂ ಇಪ್ಪತ್ತು ನಿಮಿಷ ಮೊದಲೇ ಹರಿದಿರುತ್ತದೆ. ಚಳಿಗಾಲದಲ್ಲಿ ಸುಮ್ಮನಿದ್ದ ಬೆಕ್ಕು ಬೇಸಿಗೆಯಲ್ಲಿ ಬೇಗ ಎಬ್ಬಿಸತೊಡಗಿದರೆ ಮೊದಲು ಕಿಟಕಿಗೆ ದಪ್ಪ ಪರದೆ ಹಾಕಿ ನೋಡಿ. ಅದರಿಂದ ಆಗಲಿಲ್ಲವೆಂದರೆ ಫೀಡರ್.

ಮಾರುಕಟ್ಟೆಯಲ್ಲಿ ನಾಲ್ಕು ಬಗೆಯವು ಸಿಗುತ್ತವೆ. ತಟ್ಟೆ ಖಾಲಿಯಾದಂತೆ ಕಾಳು ತಾನಾಗಿ ಇಳಿಯುವ ಗ್ರಾವಿಟಿ ಡಬ್ಬಿಯನ್ನು ಈ ಕೆಲಸಕ್ಕೆ ಕೊಳ್ಳಲೇಬೇಡಿ. ಅದರಲ್ಲಿ ಹೊತ್ತಿನ ಲೆಕ್ಕವೂ ಇಲ್ಲ, ಅಳತೆಯೂ ಇಲ್ಲ, ಬೆಕ್ಕು ದಪ್ಪವಾಗುವುದೊಂದೇ ಫಲ. ಎರಡು ಮುಚ್ಚಳದ, ಕೈಯಲ್ಲಿ ತಿರುಗಿಸುವ ಟೈಮರಿನದು ಅಗ್ಗ, ಕೆಡುವುದಕ್ಕೆ ಅದರಲ್ಲಿ ಹೆಚ್ಚೇನೂ ಇಲ್ಲ. ಬೆಳಗಿನ ಒಂದು ಊಟಕ್ಕೆ ಅದು ಸಾಕು. ಆದರೆ ಹದಿನೈದು ನಿಮಿಷದಷ್ಟು ಸೂಕ್ಷ್ಮವಾಗಿ ಹೊತ್ತು ಹೊಂದಿಸಲು ಬರುವುದಿಲ್ಲ, ಮತ್ತು ಆ ಸೂಕ್ಷ್ಮ ಯಾಕೆ ಬೇಕು ಎಂಬುದು ಮುಂದೆ ತಿಳಿಯುತ್ತದೆ. ಮೂರನೆಯದು ತಿರುಗುವ ತಟ್ಟೆಯದು. ಕ್ಯಾಟ್ ಮೇಟ್ ಸಿ500 ಇದರಲ್ಲಿ ಹೆಸರಾದದ್ದು: ಐದು ಖಾನೆ, ಡಿಜಿಟಲ್ ಟೈಮರ್, ಅಡಿಯಲ್ಲಿ ಇಡಲು ಐಸ್ ಪ್ಯಾಕ್, ನಡೆಯುವುದು ಎಎ ಸೆಲ್‌ಗಳ ಮೇಲೆ. ವೈಫೈ ಇಲ್ಲ, ಅದರ ಅಗತ್ಯವೂ ಇಲ್ಲ. ಒದ್ದೆ ಊಟ ತಿನ್ನುವ ಬೆಕ್ಕಿಗೆ ಈ ಬಗೆಯೇ ಸರಿ. ನಾಲ್ಕನೆಯದು ಹಾಪರ್, ಅಂದರೆ ಮೇಲೆ ಮೂರು ನಾಲ್ಕು ಲೀಟರಿನ ಡಬ್ಬಿ, ಕೆಳಗೆ ಮೋಟಾರು, ಮುಂದೆ ಬಟ್ಟಲು. ಒಣ ಕಾಳು ತಿನ್ನುವ ಬೆಕ್ಕಿಗೆ ಇದನ್ನೇ ಕೊಳ್ಳಿ.

ಹಾಪರ್ ಒಳಗೆ ನಡೆಯುವುದನ್ನು ಒಮ್ಮೆ ಮುಚ್ಚಳ ತೆಗೆದು ನೋಡಬೇಕು. ಡಬ್ಬಿಯ ತಳದಲ್ಲಿ ಒಂದು ಚಕ್ರ, ಅದಕ್ಕೆ ಬಾಗುವ ರಬ್ಬರಿನ ರೆಕ್ಕೆಗಳು. ಎರಡು ರೆಕ್ಕೆಗಳ ನಡುವಿನ ಕುಳಿಯಲ್ಲಿ ಕಾಳು ತುಂಬಿಕೊಳ್ಳುತ್ತದೆ, ಚಕ್ರ ಅಷ್ಟು ತಿರುಗಿದಾಗ ಆ ಕುಳಿ ಜಾರುಕೊಳವೆಯ ಬಾಯಿಗೆ ಬಂದು ಖಾಲಿಯಾಗುತ್ತದೆ. ಒಂದು ಕುಳಿ ಎಂದರೆ ಒಂದು ಪಾಲು. ಇಲ್ಲಿ ಅಳೆಯುವುದು ಜಾಗವನ್ನು, ತೂಕವನ್ನಲ್ಲ. ಸೇರು, ಪಾವು ಇದ್ದ ಹಾಗೆ. ಆದ್ದರಿಂದ ಕಾಳಿನ ಬ್ರ್ಯಾಂಡ್ ಬದಲಾದರೆ ಪಾಲಿನ ತೂಕವೂ ಬದಲಾಗುತ್ತದೆ, ಪೆಟ್ಟಿಗೆಯ ಮೇಲೆ ಬರೆದಿರುವ ಗ್ರಾಮಿನ ಲೆಕ್ಕವನ್ನು ನಂಬುವಂತಿಲ್ಲ. ಡಬ್ಬಿಯನ್ನು ಅರ್ಧದಷ್ಟು ತುಂಬಿಸಿ, ಮೊದಲ ಎರಡು ಪಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟು, ಆಮೇಲಿನ ಹತ್ತು ಪಾಲನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. 60 ಗ್ರಾಂ ಬಂದರೆ ಒಂದು ಪಾಲು 6 ಗ್ರಾಂ. ಹೊಸ ಚೀಲ ತೆರೆದಾಗಲೆಲ್ಲ ಮತ್ತೆ ತೂಗಬೇಕು.

ಕಾಳು ಸಿಕ್ಕಿಕೊಳ್ಳುವುದು ಈ ಯಂತ್ರಗಳ ಮೊದಲ ದೋಷ. ದೊಡ್ಡ ಕಾಳು, ಉದ್ದನೆಯ ಕಾಳು, ಮೀನಿನ ಆಕಾರದ ಕಾಳು ರೆಕ್ಕೆಗೂ ಗೋಡೆಗೂ ನಡುವೆ ಅಡ್ಡಬಿದ್ದು ಚಕ್ರವನ್ನು ಹಿಡಿದುಬಿಡುತ್ತದೆ. ಕಡಲೆಕಾಳಿನ ಗಾತ್ರದ, ಗುಂಡಗಿನ ಕಾಳು ಹೆಚ್ಚು ತಕರಾರಿಲ್ಲದೆ ಇಳಿಯುತ್ತದೆ. ಎರಡನೆಯ ಕಾರಣ ಪುಡಿ. ಚೀಲದ ತಳದಲ್ಲಿ ಉಳಿದ ಜಿಡ್ಡಿನ ಪುಡಿಯನ್ನು ಡಬ್ಬಿಗೆ ಸುರಿದರೆ ಅದು ರೆಕ್ಕೆಗೆ ಅಂಟಿ, ಕುಳಿ ಕಿರಿದಾಗಿ, ಪಾಲು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾ ಹೋಗುತ್ತದೆ. ಯಂತ್ರ ತಿರುಗುವ ಸದ್ದು ಕೇಳುತ್ತಲೇ ಇರುತ್ತದೆ, ಬೆಕ್ಕು ಮಾತ್ರ ಅರೆಹೊಟ್ಟೆಯಲ್ಲಿ ಮತ್ತೆ ಎಬ್ಬಿಸತೊಡಗುತ್ತದೆ. ಕೊನೆಯ ಹಿಡಿಯನ್ನು ಜರಡಿ ಹಿಡಿದು ಹಾಕಿ, ಹದಿನೈದು ದಿನಕ್ಕೊಮ್ಮೆ ಚಕ್ರವನ್ನು ಬಿಚ್ಚಿ ತೊಳೆದು, ಪೂರ್ತಿ ಒಣಗಿಸಿಯೇ ಜೋಡಿಸಿ. ತೇವ ಉಳಿದರೆ ಮರುದಿನವೇ ಹಿಟ್ಟಿನ ಗಟ್ಟಿ ಕಟ್ಟುತ್ತದೆ. ಚಕ್ರವನ್ನು ಕೈಯಿಂದ ಬಿಚ್ಚಲು ಬಾರದ ಮಾದರಿಯನ್ನು ಎಷ್ಟೇ ಅಗ್ಗವಾದರೂ ಬಿಡಿ.

ತಂದ ದಿನವೇ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಮಾಡಬೇಕಾದ ಪರೀಕ್ಷೆ ಕರೆಂಟಿನದು. ಐದು ನಿಮಿಷದ ನಂತರಕ್ಕೆ ಒಂದು ಊಟ ಹೊಂದಿಸಿ, ಅಡಾಪ್ಟರ್ ಕಿತ್ತು, ವೈಫೈ ರೂಟರನ್ನೂ ಆರಿಸಿ ಕಾಯಿರಿ. ಕಾಳು ಬಿದ್ದರೆ ವೇಳಾಪಟ್ಟಿ ಯಂತ್ರದೊಳಗೇ ಉಳಿದಿದೆ, ಸೆಲ್‌ಗಳೂ ಕೆಲಸ ಮಾಡುತ್ತಿವೆ ಎಂದರ್ಥ. ಬೀಳದಿದ್ದರೆ ವಾಪಸ್ ಕಳಿಸಿ. ರಾತ್ರಿ ಎರಡು ಗಂಟೆಗೆ ಕರೆಂಟ್ ಹೋಗುವ ಊರಿನಲ್ಲಿ ಇಂಥ ಯಂತ್ರದಿಂದ ಏನೂ ಪ್ರಯೋಜನವಿಲ್ಲ. ಸೆಲ್ ಹಾಕಲು ಜಾಗವೇ ಇಲ್ಲದವೂ ಮಾರಾಟದಲ್ಲಿವೆ, ಕೊಳ್ಳುವ ಮೊದಲು ಅಡಿಭಾಗದ ಚಿತ್ರ ನೋಡಿಕೊಳ್ಳಿ.

ಆ್ಯಪ್ ಇರುವ ಮಾದರಿಯಾದರೆ ಇನ್ನೆರಡು ಮಾತು. ಇವುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಹಿಡಿಯುತ್ತವೆ. ಜೋಡಣೆ ಆಗುತ್ತಿಲ್ಲವೆಂದರೆ ಫೋನು 5 ಗಿಗಾಹರ್ಟ್ಸ್‌ನಲ್ಲಿದೆಯೇ ನೋಡಿ. ಇನ್ನೊಂದು ಸಮಯವಲಯ. ಇಂಥ ಯಂತ್ರಗಳಲ್ಲಿ ಹೆಚ್ಚಿನವು ಚೀನಾದಲ್ಲಿ ತಯಾರಾದವು, ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಯಂತ್ರ ಆ ಸಮಯದಲ್ಲೇ ಉಳಿದುಬಿಟ್ಟರೆ ಆರು ಗಂಟೆಗೆ ಹೊಂದಿಸಿದ ಊಟ ಮೂರೂವರೆಗೇ ಬೀಳುತ್ತದೆ, ಬೆಕ್ಕು ಮೂರೂವರೆಗೇ ಏಳುವುದನ್ನು ಕಲಿಯುತ್ತದೆ. ಮೊದಲ ಊಟಗಳು ಸರಿಯಾದ ಹೊತ್ತಿಗೆ ಬೀಳುತ್ತಿವೆಯೇ ಎಂದು ಹಗಲಿನಲ್ಲೇ ಕಣ್ಣಾರೆ ನೋಡಿ.

ಒಡೆಯರ ದನಿಯನ್ನು ಹತ್ತು ಸೆಕೆಂಡು ಮುದ್ರಿಸಿ ಊಟದ ಹೊತ್ತಿಗೆ ಕೇಳಿಸುವ ಸೌಲಭ್ಯವನ್ನು ಕಂಪನಿಗಳು ದೊಡ್ಡದಾಗಿ ಹೇಳಿಕೊಳ್ಳುತ್ತವೆ. ಅದನ್ನು ಆರಿಸಿಬಿಡಿ. ಊಟಕ್ಕೂ ನಿಮಗೂ ಇರುವ ನಂಟನ್ನು ಬಿಡಿಸಲೆಂದೇ ಯಂತ್ರ ತಂದಿರುವಾಗ ನಿಮ್ಮ ದನಿಯನ್ನೇ ಅದರೊಳಗೆ ಕೂರಿಸುವುದು ಸರಿಯಲ್ಲ. ಮೋಟಾರಿನ ಗುರ್ ಸದ್ದು, ಬಟ್ಟಲಿಗೆ ಕಾಳು ಬೀಳುವ ಸದ್ದು ಬೆಕ್ಕಿಗೆ ಧಾರಾಳ. ಮಲಗುವ ಕೋಣೆಯಿಂದ ದೂರ, ನಡುಮನೆಯ ಆ ತುದಿಯಲ್ಲೋ ಅಡುಗೆಮನೆಯಲ್ಲೋ ಇಡಿ. ಬೆಕ್ಕು ಕೂತು ಕಾಯುವ ಜಾಗ ನಿಮ್ಮ ದಿಂಬಿನ ಪಕ್ಕದಿಂದ ಅಲ್ಲಿಗೆ ಹೋಗಬೇಕು.

ಇನ್ನು ಹೊಂದಿಸುವ ಕ್ರಮ. ಹೆಚ್ಚಿನವರು ಎಡವುವುದು ಇಲ್ಲೇ. ನಾಲ್ಕೂವರೆಗೆ ಎಬ್ಬಿಸುವ ಬೆಕ್ಕಿಗೆ ಮೊದಲ ದಿನವೇ ಆರು ಗಂಟೆಗೆ ಊಟ ಹೊಂದಿಸಿದರೆ ಒಂದೂವರೆ ಗಂಟೆ ಕೂಗಾಟ, ಕೊನೆಗೆ ಸೋತು ಎದ್ದೇಳುವುದು, ಯಂತ್ರಕ್ಕೆ ಕೆಟ್ಟ ಹೆಸರು. ಮೊದಲ ಊಟ ಬೆಕ್ಕು ಕೂಗುವುದಕ್ಕೆ ಮುಂಚೆಯೇ ಬೀಳಬೇಕು, 4:15ಕ್ಕೆ. ನಾಲ್ಕು ದಿನ ಅಲ್ಲೇ ಇರಲಿ. ಬೆಕ್ಕು ನಿಮ್ಮನ್ನು ಬಿಟ್ಟು ಯಂತ್ರದ ಹತ್ತಿರ ಹೋಗತೊಡಗಿದ ಮೇಲೆ 4:30, ಇನ್ನು ನಾಲ್ಕು ದಿನಕ್ಕೆ 4:45, ಹೀಗೆ ಹದಿನೈದು ಹದಿನೈದು ನಿಮಿಷ ಮುಂದೂಡಿ. ಆರು ಗಂಟೆ ಮುಟ್ಟಲು ಏಳು ಮೆಟ್ಟಿಲು, ಇಪ್ಪತ್ತೆಂಟು ದಿನ. ಯಾವುದಾದರೂ ಮೆಟ್ಟಿಲಲ್ಲಿ ಕೂಗು ಮರಳಿದರೆ ಹಿಂದಿನ ಹೊತ್ತಿಗೆ ಹೋಗಬೇಡಿ, ಅದೇ ಹೊತ್ತಿನಲ್ಲಿ ಇನ್ನೂ ನಾಲ್ಕು ದಿನ ನಿಲ್ಲಿಸಿ.

ನಡುವೆ ಒಂದೆರಡು ದಿನ ಕೂಗು ಮೊದಲಿಗಿಂತ ಜೋರಾಗಬಹುದು. ಹಳೆಯ ಉಪಾಯ ಫಲಿಸದಿದ್ದಾಗ ಬಿಡುವ ಮೊದಲು ಅದನ್ನೇ ಇನ್ನಷ್ಟು ಬಲವಾಗಿ ಮಾಡಿ ನೋಡುವುದು ಪ್ರಾಣಿಗಳ ಸ್ವಭಾವ. ಆಗ ಎದ್ದು ಕಾಳು ಹಾಕುವುದಿರಲಿ, ಬೈಯುವುದು, ನೀರು ಎರಚುವುದು, ಬಾಗಿಲು ತೆಗೆದು ಹೊರಗೆ ಬಿಡುವುದು ಯಾವುದೂ ಬೇಡ. ಬೈಗುಳವೂ ಬೆಕ್ಕಿಗೆ ಉತ್ತರವೇ. ಐದು ದಿನ ಸುಮ್ಮನಿದ್ದು ಆರನೆಯ ದಿನ ಎದ್ದರೆ, ಇನ್ನೂ ಹೆಚ್ಚು ಹೊತ್ತು ಕೂಗಿದರೆ ಆಗುತ್ತದೆ ಎಂಬ ಪಾಠವನ್ನೇ ಕಲಿಸಿದಂತೆ. ಮನೆಯಲ್ಲಿ ಅಜ್ಜಿಯೋ ಮಕ್ಕಳೋ ಮರುಕಪಟ್ಟು ಏಳುವವರಿದ್ದರೆ ಮೊದಲೇ ಕೂತು ಮಾತಾಡಿಕೊಳ್ಳಿ. ನೀವು ಎದ್ದ ಮೇಲೂ ಮೊದಲ ಅರ್ಧ ಗಂಟೆ ಕೈಯಿಂದ ಏನನ್ನೂ ಕೊಡಬೇಡಿ.

ಪ್ರಮಾಣದ ಲೆಕ್ಕ: 4 ಕಿಲೋ ತೂಕದ, ಸಂತಾನಹರಣ ಆದ, ಮನೆಯೊಳಗೇ ಇರುವ ಬೆಕ್ಕಿಗೆ ದಿನಕ್ಕೆ ಸುಮಾರು 200 ಕಿಲೋಕ್ಯಾಲರಿ ಬೇಕು. 100 ಗ್ರಾಮಿಗೆ 370 ಕಿಲೋಕ್ಯಾಲರಿಯ ಕಾಳಾದರೆ ಅದು 54 ಗ್ರಾಂ, ಅಂದರೆ 6 ಗ್ರಾಮಿನ ಒಂಬತ್ತು ಪಾಲು. ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು, ಸಂಜೆ ಎರಡು, ರಾತ್ರಿ ಮಲಗುವ ಮುನ್ನ 10:15ಕ್ಕೆ ಮೂರು. ರಾತ್ರಿಯ ಊಟಕ್ಕೆ ಮೊದಲು ಹದಿನೈದು ನಿಮಿಷ ದಾರ ಕಟ್ಟಿದ ಕೋಲಿನಿಂದ ಓಡಿಸಿ ಆಡಿಸಿ. ಬೇಟೆ, ಊಟ, ಮೈ ನೆಕ್ಕುವುದು, ನಿದ್ದೆ ಬೆಕ್ಕಿಗೆ ಒಂದೇ ಸರಪಳಿ. ಆಟವಿಲ್ಲದೆ ಯಂತ್ರವೊಂದನ್ನೇ ನೆಚ್ಚಿದರೆ ಬೆಳಗಿನ ಹಸಿವು ಹೋಗಬಹುದು, ಬೆಳಗಿನ ಬೇಸರ ಹೋಗುವುದಿಲ್ಲ.

ಮೀನು-ಅನ್ನ ತಿಂದು ಬೆಳೆದ ಬೆಕ್ಕಿಗೆ ಹಾಪರ್ ಆಗದು, ತಿರುಗುವ ತಟ್ಟೆಯೇ ಬೇಕು. ಬೆಂದ ಮೀನನ್ನು ರಾತ್ರಿ ಹತ್ತಕ್ಕೆ ಇಟ್ಟು ಬೆಳಗಿನವರೆಗೆ ಬಿಟ್ಟರೆ ಕೆಡುತ್ತದೆ. 40 ಗ್ರಾಮಿನ ಉಂಡೆಯನ್ನು ಫ್ರೀಜರಿನಲ್ಲಿ ಕಲ್ಲಾಗಿಸಿ, ಮಲಗುವಾಗ ಖಾನೆಯಲ್ಲಿಟ್ಟು ಅಡಿಗೆ ಐಸ್ ಪ್ಯಾಕ್ ಹಾಕಿದರೆ ಮಡಿಕೇರಿಯ ಚಳಿಯಲ್ಲೋ ಬೆಂಗಳೂರಿನ ಡಿಸೆಂಬರಿನಲ್ಲೋ ನಡೆದೀತು. ಮಂಗಳೂರಿನ ಏಪ್ರಿಲ್‌ನಲ್ಲಿ ಇದನ್ನು ಮಾಡಲೇಬಾರದು. ಅಲ್ಲಿ ಬೆಳಗಿನ ಒಂದು ಊಟವನ್ನಾದರೂ ಒಣ ಕಾಳಿಗೆ ಒಗ್ಗಿಸುವುದು ಕ್ಷೇಮ. ಹಾಲನ್ನು ಯಾವ ಯಂತ್ರಕ್ಕೂ ಹಾಕಬೇಡಿ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಅದು ಜೀರ್ಣವಾಗದೆ ಭೇದಿಯಾಗುತ್ತದೆ.

ಕರಾವಳಿ, ಮಲೆನಾಡಿನ ಮಳೆಗಾಲ ಹಾಪರಿಗೆ ದೊಡ್ಡ ಪರೀಕ್ಷೆ. ಮುಚ್ಚಳದ ರಬ್ಬರ್ ಸುತ್ತು ಎಷ್ಟೇ ಬಿಗಿಯಿದ್ದರೂ ಜಾರುಕೊಳವೆಯ ಬಾಯಿ ತೆರೆದೇ ಇರುತ್ತದೆ, ತೇವ ಒಳಗೆ ಬರುವುದೂ ಅಲ್ಲಿಂದಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಬ್ಬಿಗೆ ಒಂದು ವಾರದಷ್ಟೇ ಕಾಳು ಹಾಕಿ, ತೇವ ಹೀರುವ ಪೊಟ್ಟಣವನ್ನು ತಿಂಗಳಿಗೊಮ್ಮೆ ಬದಲಿಸಿ. ಬೆರಳಲ್ಲಿ ಒತ್ತಿದರೆ ಕಟ್ ಎನ್ನದೆ ಬಾಗುವ ಕಾಳು ಮುಗ್ಗಲಾಗಿದೆ ಎಂದರ್ಥ, ಎಸೆಯಿರಿ. ಇರುವೆಗೆ ಹಳೆಯ ಉಪಾಯವೇ ಸಾಕು: ಅಗಲ ತಟ್ಟೆಯಲ್ಲಿ ಒಂದು ಬೆರಳು ನೀರು, ನಡುವೆ ಮಣೆ, ಮಣೆಯ ಮೇಲೆ ಯಂತ್ರ. ಅಡಾಪ್ಟರಿನ ತಂತಿ ನೆಲಕ್ಕೆ ಇಳಿದರೆ ಇರುವೆಗೆ ಅದೇ ಸೇತುವೆ, ಆದ್ದರಿಂದ ಇಂಥ ಕಡೆ ಸೆಲ್ ಮೇಲೆ ನಡೆಸಿ. ಬಟ್ಟಲು ಸ್ಟೀಲಿನದೇ ಇರಲಿ. ಪ್ಲಾಸ್ಟಿಕ್ಕಿನ ಗೀರುಗಳಲ್ಲಿ ಜಿಡ್ಡು ಕೂತು ಕೆಲವು ಬೆಕ್ಕುಗಳ ಗಲ್ಲದಲ್ಲಿ ಕಪ್ಪು ಮೊಡವೆ ಏಳುತ್ತದೆ.

ಕೊಳವೆಯೊಳಗೆ ಪಂಜ ತೂರಿಸಿ ಕಾಳು ಎಳೆಯುವ, ಯಂತ್ರವನ್ನೇ ಉರುಳಿಸುವ ಬೆಕ್ಕುಗಳೂ ಇವೆ. ಕೊಳವೆ ಒಳಗೆ ಬಾಗಿರುವ ಮಾದರಿ ಆರಿಸಿ, ಅಡಿಗೆ ಒಂದಡಿ ಅಗಲದ ಪ್ಲೈವುಡ್ ಹಲಗೆಯನ್ನು ಎರಡು ಬದಿಯ ಟೇಪಿನಿಂದ ಅಂಟಿಸಿ. ಎರಡು ಬೆಕ್ಕುಗಳಿರುವ ಮನೆಗೆ ಕೊಳವೆಯನ್ನು ಇಬ್ಭಾಗ ಮಾಡುವ ತುಂಡು ಸಿಗುತ್ತದೆ, ಆದರೆ ಪಾಲು ಸಮನಾಗಿ ಒಡೆಯುವುದಿಲ್ಲ, ಜೋರಿನದು ಎರಡನ್ನೂ ತಿನ್ನುತ್ತದೆ. ಅಂಥ ಕಡೆ ಎರಡು ಬೇರೆ ಯಂತ್ರಗಳನ್ನು ಬೇರೆ ಕೋಣೆಗಳಲ್ಲಿ, ಒಂದೇ ನಿಮಿಷಕ್ಕೆ ಹೊಂದಿಸಿ.

ಆರ್ಡರ್ ಹಾಕುವ ಮೊದಲು ಬೆಕ್ಕಿನ ವಯಸ್ಸನ್ನೊಮ್ಮೆ ನೋಡಿ. ಎಂಟು ಹತ್ತು ವರ್ಷ ದಾಟಿದ ಬೆಕ್ಕು ಇದ್ದಕ್ಕಿದ್ದಂತೆ ರಾತ್ರಿಯಿಡೀ ಹಸಿವೆಂದು ಕೂಗತೊಡಗಿದರೆ, ಚೆನ್ನಾಗಿ ತಿಂದೂ ಸೊರಗುತ್ತಿದ್ದರೆ, ನೀರು ಹೆಚ್ಚು ಕುಡಿಯುತ್ತಿದ್ದರೆ ಅದಕ್ಕೆ ಬೇಕಿರುವುದು ಫೀಡರ್ ಅಲ್ಲ, ಪಶುವೈದ್ಯರು. ಥೈರಾಯ್ಡ್ ಹೆಚ್ಚಾಗಿರುವುದು, ಸಕ್ಕರೆ ಕಾಯಿಲೆ ಎರಡೂ ಹೀಗೇ ಕಾಣಿಸಿಕೊಳ್ಳುತ್ತವೆ, ಮೂತ್ರಪಿಂಡದ ತೊಂದರೆಯಲ್ಲೂ ಬೆಕ್ಕು ಸೊರಗಿ ನೀರು ಹೆಚ್ಚು ಕುಡಿಯುತ್ತದೆ. ಥೈರಾಯ್ಡಿಗೆ ಟಿ4, ಸಕ್ಕರೆ, ಮೂತ್ರಪಿಂಡಕ್ಕೆ ಕ್ರಿಯಾಟಿನಿನ್ ಪರೀಕ್ಷೆಗಳನ್ನೂ ರಕ್ತದೊತ್ತಡವನ್ನೂ ಮಾಡಿಸಿ. ಸಂತಾನಹರಣ ಆಗದ ಹೆಣ್ಣು ಬೆಕ್ಕು ಬೆದೆಗೆ ಬಂದು ಕೂಗುತ್ತಿದ್ದರೆ ಅದಕ್ಕೆ ಶಸ್ತ್ರಚಿಕಿತ್ಸೆಯೊಂದೇ ದಾರಿ, ಕಾಳಿನಿಂದ ಆ ಕೂಗು ನಿಲ್ಲುವುದಿಲ್ಲ.