ಅಗ್ಗದ ಓಬಿಡಿ ಅಡಾಪ್ಟರ್, ಹಳೆಯ ಪೆಟ್ರೋಲ್ ಕಾರು, ಕಾಸರಗೋಡಿನ ಮಳೆ: ಕೆಲವು ಮಳೆಗಾಲಗಳ ಬಳಕೆಯ ನಂತರ

ಓಬಿಡಿ ಅಡಾಪ್ಟರ್ ಎಂದರೆ ಕಾರಿನ ಡಯಾಗ್ನೋಸ್ಟಿಕ್ ಸಾಕೆಟ್ಟಿಗೆ ಸಿಕ್ಕಿಸಿ, ಎಂಜಿನ್ನಿನ ಸೆನ್ಸರುಗಳ ಅಂಕಿಗಳನ್ನು ಮೊಬೈಲಿನಲ್ಲಿ ನೋಡುವ ಸಣ್ಣ ಸಾಧನ. ಚೆಕ್ ಎಂಜಿನ್ ಲೈಟ್ ಉರಿದಾಗ ದೋಷದ ಕೋಡ್ ಓದಲೆಂದೇ ಹೆಚ್ಚಿನವರು ಇದನ್ನು ಕೊಳ್ಳುತ್ತಾರೆ. ಸಾವಿರ ರೂಪಾಯಿಯೊಳಗೆ ಸಿಗುವ ಈ ಇಎಲ್‌ಎಂ327 ಚಿಪ್ಪಿನ ಮಾದರಿಯ ಬ್ಲೂಟೂತ್ ಅಡಾಪ್ಟರಿಗೆ ಕೊಟ್ಟ ದುಡ್ಡು ಹುಟ್ಟುವುದು ಮಾತ್ರ ಬೆಳಿಗ್ಗೆ, ಎಂಜಿನ್ ಸ್ಟಾರ್ಟ್ ಮಾಡುವ ಮುಂಚಿನ ಎರಡು ನಿಮಿಷಗಳಲ್ಲಿ.

ರಾತ್ರಿಯಿಡೀ ನಿಂತ ಕಾರಿನಲ್ಲಿ ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಲೈವ್ ಡೇಟಾದಲ್ಲಿ ಕೂಲಂಟ್ ತಾಪಮಾನವನ್ನೂ ಇನ್‌ಟೇಕ್ ಗಾಳಿಯ ತಾಪಮಾನವನ್ನೂ ಪಕ್ಕಪಕ್ಕ ಇಟ್ಟು ನೋಡಿ. ತಣ್ಣಗಿನ ಎಂಜಿನ್ನಿನಲ್ಲಿ ಎರಡೂ ಹೊರಗಿನ ಹವೆಗೆ ಹತ್ತಿರವಿದ್ದು, ಪರಸ್ಪರ ನಾಲ್ಕೈದು ಡಿಗ್ರಿಯೊಳಗೆ ಇರಬೇಕು. ಒಂದು 26, ಇನ್ನೊಂದು 45 ಎಂದರೆ ಹೊರಗಿನ ಹವೆಗೆ ಹೊಂದದ ಸೆನ್ಸರನ್ನೋ ಅದರ ಅರ್ತನ್ನೋ ಪರೀಕ್ಷಿಸಬೇಕು. ಮೈನಸ್ 40 ತೋರಿಸಿದರೆ ಸರ್ಕ್ಯೂಟ್ ತೆರೆದಿದೆ: ಕಪ್ಲರ್ ಕಳಚಿದೆ, ಇಲ್ಲವೇ ಇಲಿ ವಯರ್ ಕಡಿದಿದೆ. ಕೂಲಂಟ್ ಸೆನ್ಸರ್ ಇಲ್ಲದ ಚಳಿಯನ್ನು ತೋರಿಸುತ್ತಿದ್ದರೆ ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಸುರಿಯುತ್ತದೆ, ಪ್ಲಗ್ ಕಪ್ಪಾಗುತ್ತದೆ, ಮೈಲೇಜ್ ಬೀಳುತ್ತದೆ.

ಅದೇ ಹೊತ್ತಿನಲ್ಲಿ, ಎಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರನ್ನೂ ನೋಡಿಬಿಡಿ. ಎಂಜಿನ್ ಓಡದಿದ್ದಾಗ ಅದು ಓದುವುದು ಹೊರಗಿನ ಗಾಳಿಯ ಒತ್ತಡವನ್ನು. ಸಮುದ್ರದ ಬದಿಯ ಕುಂಬಳೆ, ಉಪ್ಪಳದಲ್ಲಿ 100–101 ಕಿಲೋಪ್ಯಾಸ್ಕಲ್. ಬಿಸಿಯಾದ ಎಂಜಿನ್ ಐಡಲ್‌ನಲ್ಲಿದ್ದಾಗ 30–40ಕ್ಕೆ ಇಳಿಯಬೇಕು. ಪಾಣತ್ತೂರಿನ ದಾರಿಯಾಗಿ ಕೊಡಗಿಗೆ ಹತ್ತಿದರೆ ಮಡಿಕೇರಿಯಲ್ಲಿ ಕೀ ಆನ್ ಅಂಕಿ 88ರ ಹತ್ತಿರ ಬರುತ್ತದೆ. ಘಾಟಿಯ ಎತ್ತರವನ್ನು ಹಳೆಯ ಕಾರಿನ ಸೆನ್ಸರ್ ಇಷ್ಟು ಸರಿಯಾಗಿ ಹೇಳುವುದನ್ನು ನೋಡುವುದು ನಿಜಕ್ಕೂ ಖುಷಿ.

ಮಳೆ ಹಿಡಿದ ಮೇಲೆ ಇದರ ಮಿತಿ ಗೊತ್ತಾಗುತ್ತದೆ. ವರ್ಷಕ್ಕೆ 3,000 ಮಿ.ಮೀ.ಗಿಂತ ಹೆಚ್ಚು ಮಳೆ, ಜೊತೆಗೆ ಉಪ್ಪು ಗಾಳಿ. ಪ್ಲಗ್ ವಯರ್ ಇರುವ ಎಂಜಿನ್ ಮಿಸ್ ಹೊಡೆಯಲು ಇನ್ನೇನು ಬೇಕು? ಆಗ ಅಡಾಪ್ಟರ್ ಕೊಡುವ ಕೋಡ್ ಕೆಲವೊಮ್ಮೆ ಪಿ0171, ಅಂದರೆ ಪೆಟ್ರೋಲ್ ಕಮ್ಮಿ, ಗಾಳಿ ಹೆಚ್ಚು. ಇದನ್ನು ನಂಬಿ ಆಕ್ಸಿಜನ್ ಸೆನ್ಸರ್ ಬದಲಿಸಿದರೆ ಸಾವಿರಗಟ್ಟಲೆ ದುಡ್ಡು ಹೋಗುತ್ತದೆ, ದೋಷ ಅಲ್ಲೇ ಉಳಿಯುತ್ತದೆ. ಉರಿಯದ ಸಿಲಿಂಡರಿನ ಆಕ್ಸಿಜನ್ ಹಾಗೇ ಸೈಲೆನ್ಸರಿನ ಕಡೆಗೆ ಬರುತ್ತದೆ. ಸೆನ್ಸರ್ ಅದನ್ನು ಇದ್ದ ಹಾಗೆಯೇ ಓದುತ್ತದೆ, ಇಸಿಎಂ ಪೆಟ್ರೋಲ್ ಏರಿಸುತ್ತಾ ಹೋಗುತ್ತದೆ. ಕಿಡಿ ಹಾರದಿರುವುದನ್ನು ಈ ಅಡಾಪ್ಟರ್ ನೇರವಾಗಿ ನೋಡಲಾರದು.

ಅದಕ್ಕೆ ಒಂದು ಸ್ಪಾರ್ಕ್ ಟೆಸ್ಟರ್ ಬೇಕೇ ಬೇಕು. ಗ್ಯಾಪ್ 6 ಮಿ.ಮೀ.ಗೆ ಇಟ್ಟು, ಅರ್ತ್ ಕ್ಲಿಪ್ ಎಂಜಿನ್ನಿನ ಲೋಹಕ್ಕೆ ಸಿಕ್ಕಿಸಿ, ಒಂದೊಂದೇ ವಯರ್ ಪರೀಕ್ಷಿಸಿ. ನೀಲಿ ಕಿಡಿ ಬಿಟ್ಟುಬಿಡದೆ ಹಾರಬೇಕು. ಒಂದು ಕಾಯಿಲ್ ಎರಡು ಸಿಲಿಂಡರಿಗೆ ಕಿಡಿ ಕೊಡುವ ಎಂಜಿನ್ನಿನಲ್ಲಿ 1 ಮತ್ತು 4 ಒಟ್ಟಿಗೆ ಸತ್ತಿದ್ದರೆ ಮೊದಲ ಅನುಮಾನ ಕಾಯಿಲ್ ಮೇಲೆ. 1 ಮಾತ್ರ ಸತ್ತಿದ್ದರೆ ವಯರ್ ಅಥವಾ ಪ್ಲಗ್ ಮೇಲೆ. ವಯರಿನ ಬಿರುಕು ಹುಡುಕಲು ಸಂಜೆಗತ್ತಲಲ್ಲಿ ಎಂಜಿನ್ ಓಡಿಸಿ, ದೂರದಿಂದ ಸ್ಪ್ರೇ ಬಾಟಲಿಯಲ್ಲಿ ನೀರನ್ನು ಹನಿಯಾಗಿ ಚಿಮುಕಿಸಿ. ಚಟಪಟ ಸದ್ದು, ನೀಲಿ ಮಿಂಚು ಎಲ್ಲಿ ಕಂಡಿತೋ ಅಲ್ಲೇ ಸೋರಿಕೆ. ಇಪ್ಪತ್ತು ಸಾವಿರ ವೋಲ್ಟ್ ಹರಿಯುವ ಜಾಗ, ಕೈ ಹತ್ತಿರ ಒಯ್ಯಬೇಡಿ.

ಕಿಡಿ ಸರಿಯಿದ್ದೂ ಪಿ0171 ಬಂದರೆ ಅಡಾಪ್ಟರ್ ಮತ್ತೆ ಕೈಹಿಡಿಯುತ್ತದೆ. ಫ್ಯುಯೆಲ್ ಟ್ರಿಮ್ (ಇಸಿಎಂ ಪೆಟ್ರೋಲನ್ನು ಏರಿಸುವ, ಇಳಿಸುವ ಪ್ರಮಾಣ) ಐಡಲ್‌ನಲ್ಲಿ ಪ್ಲಸ್ 10 ಶೇಕಡಾ ದಾಟಿ, 2,500 ಆರ್‌ಪಿಎಂನಲ್ಲಿ ಇಳಿದರೆ ವ್ಯಾಕ್ಯೂಮ್ ಪೈಪ್ ಸೋರುತ್ತಿರಬಹುದು. ರೇಸ್ ಕೊಟ್ಟಷ್ಟೂ ಏರಿದರೆ ಪೆಟ್ರೋಲ್ ಫಿಲ್ಟರ್, ಪಂಪ್ ನೋಡಿ.

ಸಿಟ್ಟು ತರಿಸುವುದು ಇದರ ನಿಧಾನ. ಹಳೆಯ ಕಾರುಗಳಲ್ಲಿ ಈ ಅಂಕಿಗಳನ್ನು ಸಾಗಿಸುವ ಕೆ-ಲೈನ್ ವಯರ್ ಸೆಕೆಂಡಿಗೆ 10.4 ಕಿಲೋಬಿಟ್ ವೇಗದ್ದು. ಪರದೆಯಲ್ಲಿ ಎಂಟು ಸೆನ್ಸರುಗಳ ಅಂಕಿ ಒಟ್ಟಿಗೆ ತೆರೆದಿಟ್ಟರೆ ಆಕ್ಸಿಜನ್ ಸೆನ್ಸರಿನ 0.1ರಿಂದ 0.9 ವೋಲ್ಟಿನ ಏರಿಳಿತ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಅದೊಂದನ್ನೇ ತೆರೆದು ನೋಡಿ. ಥ್ರಾಟಲ್ ಸೆನ್ಸರಿನ ಸವೆದ ಜಾಗ ಇದರಲ್ಲಿ ಸಿಗುವುದಿಲ್ಲ; ಅದಕ್ಕೆ ಮುಳ್ಳಿನ ಮಲ್ಟಿಮೀಟರೇ ಸರಿ. ಎಂಜಿನ್ ತಿರುಗುವುದನ್ನು ಓದುವ, ಬಿಸಿಯಾದಾಗ ಕೈಕೊಡುವ ಕ್ರ್ಯಾಂಕ್ ಸೆನ್ಸರ್ ಹಿಡಿಯಲು ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ನೋಡಬೇಕು. 200ರ ಹತ್ತಿರ ಅಂಕಿ ಬಂದರೆ ಸಿಗ್ನಲ್ ಇದೆ, ಸೊನ್ನೆಯಲ್ಲೇ ನಿಂತರೆ ಸೆನ್ಸರ್, ವಯರ್ ನೋಡಬೇಕು. ಅಗ್ಗದ ನಕಲುಗಳು ಸರಿಯಾಗಿ ಆ ಕ್ಷಣಕ್ಕೇ ವೋಲ್ಟೇಜ್ ಬಿದ್ದು ಸಂಪರ್ಕ ಕಡಿದುಕೊಳ್ಳುವುದುಂಟು. ಪೆಟ್ಟಿಗೆಯ ಮೇಲೆ 1.5 ಎಂದಿದ್ದರೆ ನಕಲು ಖಚಿತ, ಮೂಲ ಚಿಪ್ಪಿಗೆ ಆ ಆವೃತ್ತಿಯೇ ಇರಲಿಲ್ಲ.

ಕೊಳ್ಳುವ ಮೊದಲು ಟಾರ್ಚ್ ಹಿಡಿದು ಸಾಕೆಟ್ ನೋಡಿ. ನಮ್ಮಲ್ಲಿ ಓಬಿಡಿ 2 ಕಡ್ಡಾಯವಾದದ್ದು 2013ರ ಏಪ್ರಿಲಿನಿಂದ. ಅದಕ್ಕೂ ಹಳೆಯ ಕಾರಿನಲ್ಲಿ 16 ಪಿನ್ನಿನ ಸಾಕೆಟ್ ಇದ್ದರೂ ಈ ಅಡಾಪ್ಟರಿಗೆ ಅರ್ಥವಾಗುವ ಭಾಷೆ ಇರಬೇಕೆಂದಿಲ್ಲ. ಕೆ-ಲೈನ್ ಕಾರಾದರೆ 7ನೇ ಪಿನ್ನಿನಲ್ಲಿ ಲೋಹ ಕಾಣಬೇಕು. 16ನೇ ಪಿನ್ನಿಗೆ ಕೀ ತೆಗೆದ ಮೇಲೂ ಬ್ಯಾಟರಿಯ ಕರೆಂಟ್ ಬರುತ್ತಲೇ ಇರುತ್ತದೆ, ಆದ್ದರಿಂದ ಕೆಲಸ ಮುಗಿದೊಡನೆ ಅಡಾಪ್ಟರ್ ಕಿತ್ತಿಡಿ.